ಕುರಿಮಂದೆಯ ಮೇಲೆ ಕಾಣದ ಕಂದಾಯ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ಶೇಂಗಾ ಬಿತ್ತಿದ ರೈತನು ಮುಗಿಲ ಕಡೆ ನೋಡುತ್ತ ಕುಳಿತುಕೊಳ್ಳಬೇಕಾದ ಈ ಬಯಲಿನಲ್ಲಿ, ಬೆಳೆ ಕೈಕೊಟ್ಟಾಗಲೂ ಕೈಹಿಡಿಯುವ ಸಂಪತ್ತೊಂದಿದ್ದರೆ ಅದು ಕುರಿ. ಚಳ್ಳಕೆರೆಯ ಕರಿಯ ಕಂಬಳಿಯ ಹೆಸರನ್ನು ಕೇಳದವರು ವಿರಳ. ಕುರಿಯ ಉಣ್ಣೆ ಕಂಬಳಿಯಾಗುವುದು, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವುದು, ಮರಿ ಸಂತೆಯಲ್ಲಿ ನಗದಾಗುವುದು. ಮಗಳ ಮದುವೆಗೂ ಮಗನ ಓದಿಗೂ ಹಣ ಬರುವುದು ಅನೇಕ ವೇಳೆ ಹಟ್ಟಿಯಿಂದಲೇ.

ಇಂಥ ಹಟ್ಟಿಯ ಮೇಲೆ ಯಾವ ಸರ್ಕಾರವೂ ವಿಧಿಸದ ಕಂದಾಯವೊಂದುಂಟು. ಅದನ್ನು ವಸೂಲು ಮಾಡುವುದು ಅಕ್ಕಿಯ ಕಾಳಿಗಿಂತ ದೊಡ್ಡದಲ್ಲದ ಒಂದು ಹುಳು. ಅದು ತರುವ ರೋಗಕ್ಕೆ ವೈದ್ಯರು ಹೈಡಾಟಿಡ್ ರೋಗ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಿಂದ ಬಂದ ಈ ಪದಕ್ಕೆ ನೀರು ತುಂಬಿದ ಗುಳ್ಳೆ ಎಂದರ್ಥ. ನಾವು ಇದನ್ನು ನೀರುಗುಳ್ಳೆಯ ರೋಗವೆಂದು ಕರೆಯೋಣ.

ಎರಡು ಮನೆಗಳ ಬಾಳು

ಈ ಹುಳುವಿನ ಶಾಸ್ತ್ರೀಯ ನಾಮ ಎಕಿನೊಕಾಕಸ್ ಗ್ರಾನ್ಯುಲೋಸಸ್. ಇದು ಲಾಡಿಹುಳುಗಳ ಜಾತಿಗೆ ಸೇರಿದುದು. ಆದರೆ ಮೀಟರುಗಟ್ಟಲೆ ಬೆಳೆಯುವ ತನ್ನ ದಾಯಾದಿಗಳಂತೆ ಇದು ಉದ್ದವಲ್ಲ. ಹೆಚ್ಚೆಂದರೆ 7 ಮಿಲಿಮೀಟರ್. ತಲೆಯಲ್ಲಿ ನಾಲ್ಕು ಹೀರುಬಟ್ಟಲುಗಳೂ ಕೊಂಡಿಗಳ ಸಾಲೂ ಇರುವುವು. ಹಿಂದೆ ಮೂರೋ ನಾಲ್ಕೋ ಖಂಡಗಳು. ಪ್ರೌಢ ಹುಳು ವಾಸಿಸುವುದು ನಾಯಿ, ತೋಳಗಳ ಕರುಳಿನಲ್ಲಿ. ಒಂದೇ ನಾಯಿಯ ಕರುಳಿನಲ್ಲಿ ಸಾವಿರಾರು ಹುಳುಗಳಿದ್ದರೂ ನಾಯಿಗೆ ಅದರ ಪರಿವೆಯೇ ಇರುವುದಿಲ್ಲ. ಅದು ಎಂದಿನಂತೆ ಬೊಗಳುವುದು, ಮಂದೆ ಕಾಯುವುದು.

ನಾಯಿಯ ಮಲದೊಡನೆ ಹುಳುವಿನ ಮೊಟ್ಟೆಗಳು ನೆಲಕ್ಕೆ ಬೀಳುವುವು. ಅವು ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು. ಹುಲ್ಲಿನೊಡನೆ ಅಥವಾ ನೀರಿನೊಡನೆ ಅವು ಕುರಿಯ ಹೊಟ್ಟೆ ಸೇರಿದರೆ ಒಡೆದು, ಒಳಗಿನ ಡಿಂಭ ಹೊರಬಂದು, ಕರುಳಿನ ಗೋಡೆಯನ್ನು ತೂರಿ ರಕ್ತದೊಡನೆ ಯಕೃತ್ತಿಗೋ ಶ್ವಾಸಕೋಶಕ್ಕೋ ಹೋಗಿ ನೆಲೆಸುವುದು. ಅಲ್ಲಿ ಅದು ನೀರು ತುಂಬಿದ ಚೀಲವಾಗಿ ನಿಧಾನವಾಗಿ ಊದಿಕೊಳ್ಳುವುದು. ಚೀಲದ ಒಳಗೋಡೆಯಲ್ಲಿ ಮರಳಿನ ಕಣಗಳಂತೆ ಸಾವಿರಾರು ಎಳೆಯ ತಲೆಗಳು ಹುಟ್ಟುವುವು. ಪ್ರತಿಯೊಂದು ತಲೆಯೂ ಮುಂದೊಂದು ದಿನ ಹುಳುವಾಗಬಲ್ಲುದು. ಆದರೆ ಕುರಿಯಲ್ಲಿರುವವರೆಗೆ ಅದು ಹುಳುವಾಗದು. ನಾಯಿಯ ಹೊಟ್ಟೆಗೆ ಹೋಗಿಯೇ ಆಗಬೇಕು.

ಕುರಿಯೊಳಗಿನ ಗುಳ್ಳೆಗೂ ನಾಯಿಯೊಳಗಿನ ಹುಳುವಿಗೂ ನಂಟಿದೆಯೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1850ರ ದಶಕದ ಆದಿಯಲ್ಲಿ ಜರ್ಮನಿಯ ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಸೀಬೋಲ್ಡ್ ಅಂಥ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಕರುಳಿನಲ್ಲಿ ಲಾಡಿಹುಳುಗಳು ಬೆಳೆದುದನ್ನು ತೋರಿಸಿಕೊಟ್ಟನು. ಪ್ರಯೋಗ ಸರಳ, ಆದರೆ ರೋಗದ ಬೀಗಕ್ಕೆ ಕೀಲಿ ದೊರೆತುದು ಅದರಿಂದಲೇ.

ಕರೆಯದೆ ಬಂದ ಅತಿಥಿ

ಕುರಿ ಮತ್ತು ನಾಯಿಗಳ ಈ ಸುತ್ತಿನಲ್ಲಿ ಮನುಷ್ಯನಿಗೆ ನಿಜವಾಗಿ ಸ್ಥಾನವಿಲ್ಲ. ಆದರೂ ಅವನು ನಡುವೆ ಸಿಕ್ಕಿಬೀಳುತ್ತಾನೆ. ನಾಯಿ ತನ್ನ ಮೈಯನ್ನು ನೆಕ್ಕಿಕೊಂಡಾಗ ಮೊಟ್ಟೆಗಳು ಅದರ ರೋಮಕ್ಕೆ ಅಂಟುವುವು. ಅದನ್ನು ಸವರಿ, ಕೈ ತೊಳೆಯದೆ ಬುತ್ತಿ ಬಿಚ್ಚಿದ ಹುಡುಗನ ತುತ್ತಿನಲ್ಲಿ ಅವು ಸೇರಬಹುದು. ನಾಯಿಗಳು ತಿರುಗಾಡುವ ಹೊಲದ ತೊಳೆಯದ ಸೊಪ್ಪಿನಿಂದಲೂ, ಮಲ ಹರಿದು ಸೇರಿದ ಹೊಂಡದ ನೀರಿನಿಂದಲೂ ಬರಬಹುದು. ಬಯಲುಸೀಮೆಯ ಒಣಹವೆಯೂ ಉರಿಬಿಸಿಲೂ ಮೊಟ್ಟೆಗಳಿಗೆ ಶತ್ರುಗಳೇ. ಆದರೆ ನೀರಿನ ತೊಟ್ಟಿಯ ಮಗ್ಗುಲಿನ ತಂಪು ನೆಲದಲ್ಲಿ, ಹಟ್ಟಿಯ ನೆರಳಿನಲ್ಲಿ ಅವು ಬಹುಕಾಲ ಜೀವ ಹಿಡಿದುಕೊಂಡಿರಬಲ್ಲುವು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಗುಳ್ಳೆಯಿದ್ದ ಕುರಿಯ ಮಾಂಸವನ್ನು ತಿಂದುದರಿಂದ ಮನುಷ್ಯನಿಗೆ ಈ ರೋಗ ಬಾರದು. ಕುರಿ ನೇರವಾಗಿ ಅಪರಾಧಿಯಲ್ಲ. ನಾಯಿಯ ಮೂಲಕ ಬರುವ ಮೊಟ್ಟೆಯೇ ಮೂಲ.

ಮನುಷ್ಯನ ದೇಹದಲ್ಲಿ ನೂರಕ್ಕೆ ಸುಮಾರು 70 ಗುಳ್ಳೆಗಳು ಯಕೃತ್ತಿನಲ್ಲಿ, ಸುಮಾರು 20 ಶ್ವಾಸಕೋಶದಲ್ಲಿ ಬೆಳೆಯುವುವು. ಬೆಳವಣಿಗೆ ಮಂದಗತಿಯದು. ಬಾಲ್ಯದಲ್ಲಿ ತಗಲಿದ ರೋಗ ನಡುವಯಸ್ಸಿನಲ್ಲಿ ಬಯಲಾಗಬಹುದು. ಬಲಪಕ್ಕೆಯಲ್ಲಿ ಭಾರ, ಹೊಟ್ಟೆನೋವು, ವಾಕರಿಕೆ, ಕೆಮ್ಮು: ಇವು ಯಾವ ರೋಗಕ್ಕೂ ಸಲ್ಲುವ ಲಕ್ಷಣಗಳಾದುದರಿಂದ ರೋಗಿಯು ಅವನ್ನು ನುಂಗಿಕೊಂಡು ದುಡಿಯುತ್ತಾನೆ. ಗುಳ್ಳೆ ಒಡೆದರೆ ಮಾತ್ರ ಅಪಾಯ ಹಠಾತ್ತನೆ ಎರಗುವುದು. ಅದರ ದ್ರವವು ದೇಹದಲ್ಲಿ ತೀವ್ರ ಪ್ರತಿಕ್ರಿಯೆಯನ್ನೆಬ್ಬಿಸಿ ಪ್ರಾಣವನ್ನೇ ತೆಗೆಯಬಹುದು. ಚೆಲ್ಲಿದ ಕಣಗಳಿಂದ ಹೊಸ ಗುಳ್ಳೆಗಳು ಮೊಳೆಯಬಹುದು.

ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಗುಳ್ಳೆಯನ್ನು ಗುರುತಿಸಬಹುದು. ಕೆಲವಕ್ಕೆ ತಿಂಗಳುಗಟ್ಟಲೆ ಆಲ್ಬೆಂಡಜೋಲ್ ಮಾತ್ರೆ, ಕೆಲವಕ್ಕೆ ಸೂಜಿ ಚುಚ್ಚಿ ದ್ರವ ತೆಗೆದು ಔಷಧ ತುಂಬುವ ವಿಧಾನ, ಕೆಲವಕ್ಕೆ ಶಸ್ತ್ರಚಿಕಿತ್ಸೆ. ಚಿಕಿತ್ಸೆಯಾದ ಮೇಲೂ ನೂರಕ್ಕೆ ಸುಮಾರು 6.5 ಮಂದಿಯಲ್ಲಿ ರೋಗ ಮರುಕಳಿಸುವುದೆಂದೂ, ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ನೂರಕ್ಕೆ ಸುಮಾರು 2.2 ಮಂದಿ ಮರಣ ಹೊಂದುವರೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಕಂದಾಯದ ಲೆಕ್ಕ

ಇನ್ನು ಹಣದ ಮಾತು. ಗುಳ್ಳೆಯಿರುವ ಕುರಿ ಹೊರನೋಟಕ್ಕೆ ಆರೋಗ್ಯವಾಗಿಯೇ ಕಾಣುವುದು. ಆದರೆ ಮೈತೂಕ, ಉಣ್ಣೆ, ಹಾಲು, ಮರಿಗಳ ಸಂಖ್ಯೆ ಇವೆಲ್ಲವೂ ಕುಗ್ಗುವುವು. ಕೊಯ್ದಾಗ ಯಕೃತ್ತನ್ನೂ ಶ್ವಾಸಕೋಶವನ್ನೂ ಬಿಸಾಡಬೇಕಾಗುವುದು. ನೂರು ಕುರಿಗಳ ಒಂದು ಮಂದೆಯನ್ನು ಊಹಿಸಿಕೊಳ್ಳೋಣ. ಕುರಿಯೊಂದಕ್ಕೆ ಅರ್ಧ ಕಿಲೋಗ್ರಾಮ್ ತೂಕ ಕಡಿಮೆಯಾದರೂ ಮಂದೆಯ ಒಟ್ಟು ತೂಕದಲ್ಲಿ 50 ಕಿಲೋಗ್ರಾಮ್ ಮಾಯವಾಯಿತು. ಕುರಿಗಾಹಿಯ ಪಾಲಿಗೆ ಇದು ಕೆಲವು ಕುರಿಗಳೇ ಕಳುವಾದಂತೆ. ಆದರೆ ಕಳುವಾದುದು ಅವನಿಗೆ ತಿಳಿಯದು. ಕುರಿಗಳ ಎಣಿಕೆ ಸರಿಯಾಗಿಯೇ ಇರುವುದು!

ಭಾರತದಲ್ಲಿ ಈ ರೋಗದಿಂದಾಗುವ ನಷ್ಟ ವರ್ಷಕ್ಕೆ ಸುಮಾರು 1,147 ಕೋಟಿ ರೂಪಾಯಿ ಎಂದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಅದರಲ್ಲಿ ಬಹುಪಾಲು ದನ, ಎಮ್ಮೆಗಳ ಕಡೆಯದು. ಮನುಷ್ಯರ ರೋಗದಿಂದಾಗುವ ನಷ್ಟ ಸುಮಾರು 47 ಕೋಟಿ. ಎಷ್ಟೋ ರೋಗಿಗಳು ಲೆಕ್ಕಕ್ಕೇ ಸಿಗದಿರುವುದರಿಂದ ಇದು ನಿಜಕ್ಕಿಂತ ಕಡಿಮೆಯಿರಬಹುದೆಂದು ಅಧ್ಯಯನವೇ ಹೇಳುತ್ತದೆ. ಜಗತ್ತಿನಲ್ಲಿ ಎಕಿನೊಕಾಕಸ್ ಹುಳುಗಳಿಂದ ವರ್ಷಕ್ಕೆ ಸುಮಾರು 19,300 ಮಂದಿ ಸಾಯುವರೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಆ ಸಂಸ್ಥೆ ಇದನ್ನು ಉಪೇಕ್ಷಿತ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ.

ಉಪೇಕ್ಷೆಗೆ ಕಾರಣ ಗುರುತಿಸುವುದು ಕಷ್ಟವಲ್ಲ. ಕುರಿಯ ನಷ್ಟ ಕುರಿಗಾಹಿಯ ಲೆಕ್ಕದಲ್ಲಿ, ಯಕೃತ್ತಿನ ನಷ್ಟ ಕಟುಕನ ಲೆಕ್ಕದಲ್ಲಿ, ರೋಗಿಯ ಖರ್ಚು ದೂರದ ಪಟ್ಟಣದ ಆಸ್ಪತ್ರೆಯ ಲೆಕ್ಕದಲ್ಲಿ. ಮೂರನ್ನೂ ಒಂದೇ ಪುಟದಲ್ಲಿ ಕೂಡಿಸಿ ನೋಡುವವರು ಅಪರೂಪ. ಅದಲ್ಲದೆ, ಭಾರತದಲ್ಲಿ ಈ ರೋಗ ಹೆಚ್ಚಾಗಿ ವರದಿಯಾಗಿರುವ ಪ್ರದೇಶಗಳಲ್ಲಿ ಆಂಧ್ರಪ್ರದೇಶವೂ ಒಂದು. ನಮ್ಮ ಈ ಎರಡು ತಾಲ್ಲೂಕುಗಳು ಅದರ ಗಡಿಗೆ ಅಂಟಿಕೊಂಡೇ ಇವೆ. ಮೇವನ್ನರಸಿ ಹೊರಟ ಮಂದೆಗೆ ಗಡಿಯ ಕಲ್ಲು ಅಡ್ಡಿಯಲ್ಲ. ಹುಳುವಿಗಂತೂ ಅಲ್ಲವೇ ಅಲ್ಲ.

ಸರಪಳಿಯನ್ನು ಕಡಿಯುವ ಬಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೋಗದಿಂದ ಅತ್ಯಂತ ಬಳಲಿದ ದೇಶಗಳಲ್ಲಿ ಐಸ್ಲೆಂಡ್ ಒಂದು. ಅದೂ ಕುರಿಗಳ ನಾಡು. 1863ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬ್ಬೆ ಎಂಬ ವಿಜ್ಞಾನಿ ಅಲ್ಲಿಗೆ ಹೋಗಿ 100 ನಾಯಿಗಳನ್ನು ಪರೀಕ್ಷಿಸಿದಾಗ 28ರಲ್ಲಿ ಈ ಹುಳು ಕಂಡಿತು. ರೋಗ ಹೇಗೆ ಹರಡುವುದೆಂಬುದನ್ನು ತಿಳಿಸುವ ಕಿರುಪುಸ್ತಕವೊಂದನ್ನು ಅವನು ಬರೆದನು. ಅದನ್ನು ಮನೆಮನೆಗೆ ಹಂಚಲಾಯಿತು. ಆಮೇಲೆ ನಾಯಿಗಳ ಬಗ್ಗೆ ಕಾನೂನುಗಳೂ ಬಂದುವು. ಇಪ್ಪತ್ತನೆಯ ಶತಮಾನದಲ್ಲಿ ಐಸ್ಲೆಂಡ್ ಈ ರೋಗದಿಂದ ಮುಕ್ತವಾಯಿತು. ಕುರಿಗಳಿಗೆ ಹೆಸರಾದ ನ್ಯೂಜಿಲೆಂಡ್ ದೇಶವೂ 2002ರಲ್ಲಿ ತಾತ್ಕಾಲಿಕವಾಗಿ ರೋಗಮುಕ್ತವೆಂದು ಘೋಷಿತವಾಯಿತು.

ಅವರು ಮಾಡಿದುದನ್ನು ನಾವೂ ಮಾಡಬಹುದು. ಮೊದಲನೆಯದು, ಊರಹಬ್ಬದಲ್ಲಾಗಲಿ ಹಟ್ಟಿಯಲ್ಲಾಗಲಿ ಕೊಯ್ದ ಅಥವಾ ಸತ್ತ ಕುರಿಯ ಗುಳ್ಳೆಗಟ್ಟಿದ ಅಂಗಗಳನ್ನು ನಾಯಿಗೆ ಎಸೆಯದೆ ಸುಡುವುದು, ಇಲ್ಲವೆ ನಾಯಿ ಕೆದರದಷ್ಟು ಆಳದಲ್ಲಿ ಹೂಳುವುದು. ಎರಡನೆಯದು, ನಾಯಿಗಳಿಗೆ ವರ್ಷಕ್ಕೆ ಕನಿಷ್ಠ ನಾಲ್ಕು ಬಾರಿ ಪಶುವೈದ್ಯರ ಸಲಹೆಯಂತೆ ಪ್ರಾಜಿಕ್ವಾಂಟೆಲ್ ಔಷಧ ಕೊಡುವುದು. ಇದು ಹುಳುವನ್ನು ಕೊಲ್ಲುವುದೇ ಹೊರತು ಮೊಟ್ಟೆಯನ್ನಲ್ಲ. ಆದುದರಿಂದ ಔಷಧ ಕೊಟ್ಟ ಮೇಲಿನ ಮಲವನ್ನೂ ಹೂಳಬೇಕು. ಮೂರನೆಯದು, ನಾಯಿಯನ್ನು ಮುಟ್ಟಿದ ಮೇಲೆ, ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯುವುದು. ಕುರಿಮರಿಗಳಿಗೆ ಇ.ಜಿ. 95 ಎಂಬ ಲಸಿಕೆಯೂ ಸಿದ್ಧವಾಗಿದ್ದು, ಚೀನಾ ಮತ್ತು ಅರ್ಜೆಂಟೀನಾಗಳಲ್ಲಿ ಅದಕ್ಕೆ ಪರವಾನಗಿ ದೊರೆತಿದೆ.

ಇಲ್ಲಿ ನಾಯಿಯನ್ನು ದೂಷಿಸುವುದು ನ್ಯಾಯವಲ್ಲ. ತೋಳದಿಂದ ಮಂದೆಯನ್ನು ಕಾಯುವುದು ಅದೇ. ರೋಗ ಹರಡುವುದು ನಾಯಿಯ ಗುಣದಿಂದಲ್ಲ, ನಾವು ಅದರ ಮುಂದೆ ಎಸೆಯುವ ತುಣುಕಿನಿಂದ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಕಿರು ಶಿಲಾಶಾಸನವನ್ನು ಕಂಡುಹಿಡಿದರು. ಅದೇ ಅಶೋಕನು ಬೇರೆಡೆ ಕೆತ್ತಿಸಿದ ಎರಡನೆಯ ಶಿಲಾಶಾಸನದಲ್ಲಿ, ತಾನು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿರುವುದಾಗಿ ಹೇಳಿಕೊಂಡಿದ್ದಾನೆ. ಎರಡನ್ನೂ ಒಟ್ಟಿಗೆ ನೆನೆದ ಆ ದೃಷ್ಟಿ ಈ ರೋಗದ ವಿಷಯದಲ್ಲಿ ಅತ್ಯವಶ್ಯಕ. ಕುರಿಯನ್ನು ಬಿಟ್ಟು ಕುರಿಗಾಹಿಯನ್ನೂ, ನಾಯಿಯನ್ನು ಬಿಟ್ಟು ಕುರಿಯನ್ನೂ ಉಳಿಸಲಾಗದು. ಈ ಸೀಮೆಯ ವಿದ್ಯಾರ್ಥಿಗಳು ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಈ ಮೂರರ ನಂಟನ್ನು ಹಿರಿಯರಿಗೆ ವಿವರಿಸಿ, ಗುಳ್ಳೆಗಟ್ಟಿದ ಒಂದು ಯಕೃತ್ತು ನಾಯಿಯ ಬಾಯಿಗೆ ಬೀಳದೆ ಗುಂಡಿಗೆ ಬೀಳುವಂತೆ ನೋಡಿಕೊಂಡರೆ, ಅಲ್ಲಿಗೆ ಸರಪಳಿಯ ಒಂದು ಕೊಂಡಿ ಕಳಚಿತು.