ಜನನ ದಾಖಲೆಗಳು ಮತ್ತು ವಯಸ್ಕರ ಆರೋಗ್ಯ: ಡೇವಿಡ್ ಬಾರ್ಕರ್ ಅವರ ಸಿದ್ಧಾಂತ ಹಾಗೂ ಮೈಸೂರಿನ ಅಧ್ಯಯನಗಳು

ಹೃದ್ರೋಗ, ಮಧುಮೇಹ, ಅಧಿಕ ರಕ್ತದೊತ್ತಡ ಮುಂತಾದ ರೋಗಗಳಿಗೆ ವಯಸ್ಕರ ಆಹಾರಕ್ರಮ, ಧೂಮಪಾನ, ದೈಹಿಕ ಶ್ರಮದ ಕೊರತೆ ಮತ್ತು ಅನುವಂಶೀಯತೆಗಳೇ ಕಾರಣವೆಂಬುದು ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ವೈದ್ಯವಿಜ್ಞಾನದ ಒಪ್ಪಿತ ನಿಲುವಾಗಿತ್ತು. ಈ ನಿಲುವಿಗೆ ಹೊಸ ಆಯಾಮವೊಂದನ್ನು ಸೇರಿಸಿದವರು ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯವಿಜ್ಞಾನಿ ಡೇವಿಡ್ ಬಾರ್ಕರ್ (1938–2013). ಮನುಷ್ಯನ ಮೊದಲ ಪರಿಸರವೆಂದರೆ ತಾಯಿಯ ಗರ್ಭ; ಅಲ್ಲಿಯೂ ಶೈಶವದಲ್ಲಿಯೂ ದೊರೆತ ಪೋಷಣೆಯು ಹಲವು ದಶಕಗಳ ಅನಂತರದ ಆರೋಗ್ಯವನ್ನು ರೂಪಿಸುತ್ತದೆ ಎಂಬುದು ಅವರ ಪ್ರತಿಪಾದನೆ. ಭಾರತದಲ್ಲಿ ಈ ಪ್ರತಿಪಾದನೆಯು ಪರೀಕ್ಷೆಗೊಳಗಾದ ಸ್ಥಳಗಳಲ್ಲಿ ಮೈಸೂರು ಪ್ರಮುಖವಾದುದು.

ಸಿದ್ಧಾಂತದ ಹಿನ್ನೆಲೆ

1986ರಲ್ಲಿ ಬಾರ್ಕರ್ ಹಾಗೂ ಕ್ಲೈವ್ ಆಸ್ಮಂಡ್ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ನ 212 ಆಡಳಿತ ಪ್ರದೇಶಗಳ ಮರಣ ಅಂಕಿಅಂಶಗಳನ್ನು ವಿಶ್ಲೇಷಿಸಿ ಪ್ರಕಟಿಸಿದರು. 1921–25ರಲ್ಲಿ ಶಿಶುಮರಣ ಹೆಚ್ಚಾಗಿದ್ದ ಪ್ರದೇಶಗಳಲ್ಲಿಯೇ 1968–78ರಲ್ಲಿ ಹೃದ್ರೋಗದ ಸಾವುಗಳೂ ಹೆಚ್ಚಾಗಿದ್ದುವು. ಹೃದ್ರೋಗವನ್ನು ಸಮೃದ್ಧಿಯ ಫಲವೆಂದು ಬಗೆಯುತ್ತಿದ್ದ ಕಾಲದಲ್ಲಿ ಅದು ಬಡ ಪ್ರದೇಶಗಳನ್ನು ಹೆಚ್ಚಾಗಿ ಕಾಡುತ್ತಿದ್ದುದು ಒಂದು ಒಗಟಾಗಿತ್ತು.

ಪ್ರದೇಶಗಳ ನಡುವಣ ಹೋಲಿಕೆಯಿಂದ ವ್ಯಕ್ತಿಗಳ ಬಗೆಗೆ ತೀರ್ಮಾನಕ್ಕೆ ಬರುವಂತಿಲ್ಲ. ಹರ್ಟ್‌ಫರ್ಡ್‌ಷೈರಿನಲ್ಲಿ 1911ರಿಂದ ಆರೋಗ್ಯ ಸಂದರ್ಶಕಿಯರು ಶಿಶುಗಳ ಜನನತೂಕವನ್ನೂ ಒಂದು ವರ್ಷದ ತೂಕವನ್ನೂ ಬರೆದಿಟ್ಟಿದ್ದ ದಾಖಲೆ ಪುಸ್ತಕಗಳು ಈ ಕೊರತೆಯನ್ನು ತುಂಬಿದುವು. ಅಲ್ಲಿ 1911–30ರ ನಡುವೆ ಜನಿಸಿದ 5,654 ಪುರುಷರ ಅಧ್ಯಯನವು 1989ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಅತಿ ಕಡಿಮೆ ತೂಕವಿದ್ದವರಲ್ಲಿ ಹೃದ್ರೋಗದ ಮರಣಪ್ರಮಾಣ ಅತ್ಯಧಿಕವಾಗಿತ್ತು.

ಇದಕ್ಕೆ ಬಾರ್ಕರ್ ನೀಡಿದ ವಿವರಣೆ ಹೀಗಿದೆ: ಪೋಷಣೆ ಸಾಲದಾದಾಗ ಭ್ರೂಣವು ಮಿದುಳಿನ ಬೆಳವಣಿಗೆಯನ್ನು ಕಾಯ್ದುಕೊಂಡು, ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಸ್ನಾಯು ಮೊದಲಾದವುಗಳ ಬೆಳವಣಿಗೆಯನ್ನು ಮೊಟಕುಗೊಳಿಸುತ್ತದೆ. ಮೂತ್ರಪಿಂಡದ ಶೋಧಕ ಘಟಕಗಳ ಸಂಖ್ಯೆ ಜನನದ ವೇಳೆಗೆ ಬಹುಮಟ್ಟಿಗೆ ನಿಗದಿಯಾಗಿರುವುದರಿಂದ ಅಂಥ ಕೊರತೆಯನ್ನು ಮುಂದೆ ಸರಿದೂಗಿಸಲಾಗದು.

ಮೈಸೂರಿನ ದಾಖಲೆಗಳು

ಮೈಸೂರಿನ ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ ಹಾಗೂ ತಲೆಯ ಸುತ್ತಳತೆಗಳನ್ನು ದಾಖಲಿಸಲಾಗಿತ್ತು. ತಾಯಂದಿರ ತೂಕವನ್ನೂ ಬರೆದಿಡಲಾಗಿತ್ತು. 1934–54ರ ನಡುವೆ ಅಲ್ಲಿ ಜನಿಸಿ, ಆಸ್ಪತ್ರೆಯ ಸಮೀಪದಲ್ಲಿಯೇ ವಾಸಿಸುತ್ತಿದ್ದ 517 ಮಂದಿಯ ಅಧ್ಯಯನವನ್ನು ಕ್ಯಾರೊಲಿನ್ ಫಾಲ್, ಬಾರ್ಕರ್ ಮತ್ತಿತರರು 1996ರಲ್ಲಿ ಪ್ರಕಟಿಸಿದರು. 25 ಪುರುಷರಲ್ಲಿ, 27 ಮಹಿಳೆಯರಲ್ಲಿ ಹೃದಯದ ರಕ್ತನಾಳಗಳ ರೋಗ ಕಂಡುಬಂದಿತು. ಜನನತೂಕ 2.5 ಕಿ.ಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದು, ಗರ್ಭಿಣಿಯಾಗಿದ್ದಾಗ ತಾಯಿಯ ತೂಕವೂ 45 ಕಿ.ಗ್ರಾಂಗಿಂತ ಕಡಿಮೆಯಿದ್ದವರಲ್ಲಿ ರೋಗದ ಪ್ರಮಾಣ ಶೇ. 20ರಷ್ಟಿತ್ತು. ಇದು ಇಂಗ್ಲೆಂಡಿನ ಫಲಿತಾಂಶವನ್ನು ಬಲಪಡಿಸಿತು.

ಆದರೆ ಮಧುಮೇಹದ ವಿಷಯದಲ್ಲಿ ಮೈಸೂರು ಬೇರೆಯೇ ಉತ್ತರವನ್ನು ನೀಡಿತು. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟುವಾಗ ಗಿಡ್ಡವಾಗಿದ್ದು ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ಸರಾಸರಿಗಿಂತ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿತ್ತು. ತಾಯಿಯ ಕೃಶತೆಯಷ್ಟೇ ಅಲ್ಲ, ಆಕೆಯ ರಕ್ತದಲ್ಲಿ ಏರಿದ ಸಕ್ಕರೆಯೂ ಭ್ರೂಣದ ಪರಿಸರದ ಭಾಗವಾಗಿರಬಹುದೆಂಬ ಊಹೆಗೆ ಇದು ದಾರಿಮಾಡಿತು.

ಈ ಊಹೆಯನ್ನು ಪರೀಕ್ಷಿಸಲು 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ಒಳಗೊಂಡ ‘ಪಾರ್ಥೆನಾನ್’ ಅಧ್ಯಯನ ಆರಂಭವಾಯಿತು. ಶೇ. 6ರಷ್ಟು ಗರ್ಭಿಣಿಯರಲ್ಲಿ ಮಧುಮೇಹ ಪತ್ತೆಯಾಯಿತು. ಜಿ.ವಿ. ಕೃಷ್ಣವೇಣಿ ಮತ್ತು ಸಹೋದ್ಯೋಗಿಗಳು ಮಕ್ಕಳನ್ನು ಅನುಸರಿಸಿ ನೋಡಿದಾಗ, ಮಧುಮೇಹಿ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ದೇಹದ ಕೊಬ್ಬಿನಂಶ ಅಧಿಕವಾಗಿತ್ತು. ಶೇ. 43ರಷ್ಟು ತಾಯಂದಿರಲ್ಲಿ ಬಿ12 ಜೀವಸತ್ವದ ಕೊರತೆಯೂ ಕಂಡುಬಂದಿತು. ಈ ಹೆಣ್ಣುಮಕ್ಕಳೇ ಮುಂದೆ ತಾಯಂದಿರಾಗುವುದರಿಂದ ರೋಗದ ಸಾಧ್ಯತೆ ತಲೆಮಾರಿನಿಂದ ತಲೆಮಾರಿಗೆ ಸಾಗುವ ಅಪಾಯವಿದೆ.

ಮಿತಿ ಮತ್ತು ಮಹತ್ತ್ವ

ಇವು ವೀಕ್ಷಣಾತ್ಮಕ ಅಧ್ಯಯನಗಳು. ಬಡತನದ ಪ್ರಭಾವವನ್ನು ಗರ್ಭಾವಸ್ಥೆಯ ಪ್ರಭಾವದಿಂದ ಪ್ರತ್ಯೇಕಿಸುವುದು ಕಷ್ಟವೆಂಬ ಟೀಕೆಯನ್ನು ಬಾರ್ಕರ್ ಮೊದಲಿನಿಂದಲೂ ಎದುರಿಸಿದರು. ಮೈಸೂರಿನ ಮೊದಲ ಅಧ್ಯಯನದಲ್ಲಿ ಬದುಕುಳಿದು, ಊರು ಬಿಡದೆ ಉಳಿದವರು ಮಾತ್ರ ಸೇರಿದ್ದಾರೆ. ಆ ಕಾಲದಲ್ಲಿ ಆಸ್ಪತ್ರೆಯಲ್ಲಿ ಹೆತ್ತವರು ಇಡೀ ಸಮಾಜದ ಪ್ರತಿನಿಧಿಗಳೂ ಅಲ್ಲ. ಜನನತೂಕವು ಪೋಷಣೆಯ ಪರೋಕ್ಷ ಸೂಚಿ ಮಾತ್ರ.

ಆದರೂ ಎರಡು ಅಂಶಗಳು ಸ್ಪಷ್ಟ. ಗರ್ಭಿಣಿಗೆ ಕೆಲವು ತಿಂಗಳು ಪೌಷ್ಟಿಕ ಆಹಾರ ನೀಡಿದರೆ ಸಾಲದು. ಹೆಣ್ಣುಮಗುವಿನ ಪೋಷಣೆ ಬಾಲ್ಯದಿಂದಲೇ ಆರಂಭವಾಗಬೇಕು. ಎರಡನೆಯದಾಗಿ, ತೂಕ ಬರೆದಿಟ್ಟ ಸೂಲಗಿತ್ತಿ, ದಾದಿಯರಿಗೆ ತಾವು ಸಂಶೋಧನೆಗೆ ಸಾಮಗ್ರಿ ಒದಗಿಸುತ್ತಿದ್ದೇವೆಂಬ ಅರಿವಿರಲಿಲ್ಲ. ಹಳೆಯ ಕಡತಗಳು ರದ್ದಿಗೆ ಸೇರಿದ್ದರೆ ಮೈಸೂರಿನ ಈ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತಿರಲಿಲ್ಲ. ನಾಡಿನ ಹಳೆಯ ಆಸ್ಪತ್ರೆಗಳ ಹೆರಿಗೆ ದಾಖಲೆಗಳನ್ನು ಗುರುತಿಸಿ, ವ್ಯಕ್ತಿಗಳ ಗೋಪ್ಯತೆಗೆ ಭಂಗಬಾರದಂತೆ ಸಂರಕ್ಷಿಸುವುದು ಸಂಶೋಧಕರು ಮತ್ತು ಗ್ರಂಥಾಲಯಗಳು ಜೊತೆಗೂಡಿ ಮಾಡಬೇಕಾದ ಕಾರ್ಯ.