ನೋಡಿ ಕಲಿಯುವ ಮಗ, ಕೇಳಿ ಕಲಿಯುವ ಮಗಳು

ಪ್ರಶ್ನೆ: ಮಗ ನೋಡಿ ಕಲಿಯುವವನು, ಮಗಳು ಕೇಳಿ ಕಲಿಯುವವಳು. ಆನ್‌ಲೈನ್ ಕೋರ್ಸನ್ನೂ ಅದಕ್ಕೆ ತಕ್ಕಂತೆ ಆರಿಸಬೇಕೇ?
– ಓದುಗರೊಬ್ಬರು, ಪ್ಲೇನ್ಸ್‌ಬರೋ, ನ್ಯೂಜೆರ್ಸಿ

ಉತ್ತರ: ಬೇಕಿಲ್ಲ. ಮಕ್ಕಳಿಗೆ ಇಷ್ಟಾನಿಷ್ಟ ಇರುವುದು ನಿಜ. ಆದರೆ ಅದಕ್ಕೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲವೆಂದು ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಬರೆದರು. ನಂಬಿಕೆ ಮಾತ್ರ ಜಗ್ಗಿಲ್ಲ! ದಾರಿ ತೋರುವುದು ಕಲಿಯುವ ವಿಷಯ: ‘ಳ’ ಉಚ್ಚಾರಕ್ಕೆ ಇಬ್ಬರಿಗೂ ಕಿವಿಯೇ ಬೇಕು, ಆ ಅಕ್ಷರ ತಿದ್ದಿ ಬರೆಯಲು ಕಣ್ಣು, ಕೈ.

ಇನ್ನು ವಿಡಿಯೊ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುವ ಮಾತು. ನಿಮ್ಮ ಪಕ್ಕದ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಟೆಡ್ ಭಾಷಣದ ವಿಡಿಯೊ ತೋರಿಸಿ ಒಂದು ಪ್ರಯೋಗ ಮಾಡಿದ್ದರು. ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಕುಟ್ಟಿದವರಿಗಿಂತ ಕೈಯಲ್ಲಿ ಬರೆದುಕೊಂಡವರು ವಿಚಾರದ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದರೆಂದು 2014ರ ಪ್ರಬಂಧ ಹೇಳಿತು. ಮರುಪ್ರಯೋಗಗಳಲ್ಲಿ ಆ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ; ಹಾಗಾಗಿ ಮಕ್ಕಳಿಂದ ಲ್ಯಾಪ್‌ಟಾಪ್ ಕಿತ್ತುಕೊಳ್ಳಬೇಡಿ.

ಇದಕ್ಕಿಂತ ಗಟ್ಟಿಯಾದದ್ದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಅವರ 2006ರ ಪ್ರಯೋಗ. ಓದಿದ್ದನ್ನೇ ಮತ್ತೆ ಮತ್ತೆ ಓದಿದವರಿಗಿಂತ, ಹಾಳೆ ಮುಚ್ಚಿ ನೆನಪಿನಿಂದ ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಆದ್ದರಿಂದ ವಿಡಿಯೊವನ್ನು ಆಗಾಗ ನಿಲ್ಲಿಸಿ, ‘ಈಗ ಏನು ಹೇಳಿದ್ರು?’ ಎಂದು ಮಕ್ಕಳನ್ನು ಕೇಳಿ. ಪಾಠವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ‘ಮುಗೀತು’ ಎನ್ನುವವರನ್ನು ಮೊದಲು ಕೇಳಿ.