ಎಡಮಗ್ಗುಲಿಲ್ಲದ ಅಂತರಿಕ್ಷ ನೌಕೆ

‘ಸ್ಟಾರ್ ಟ್ರೆಕ್’ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಗೆ ಎಡಮಗ್ಗುಲು ಇದ್ದೂ ಇರಲಿಲ್ಲ. 1964ರಲ್ಲಿ ಮ್ಯಾಟ್ ಜೆಫ್ರೀಸ್ ಹಾಕಿಕೊಟ್ಟ ವಿನ್ಯಾಸದಂತೆ ಮುಖ್ಯವಾಗಿ ಮರ ಬಳಸಿ ಸುಮಾರು 11 ಅಡಿ ಉದ್ದದ ಮಾದರಿ ತಯಾರಾಯಿತು. ಕಿಟಕಿಗಳಲ್ಲಿ ದೀಪ ಉರಿಯಬೇಕೆಂದಾಗ ಅದರ ವೈರುಗಳನ್ನೆಲ್ಲ ಎಡಬದಿಯಿಂದ ಹೊರಗೆಳೆದರು. ಹಾಗಾಗಿ ಆ ಬದಿಗೆ ಅಲಂಕಾರವನ್ನೇ ಮಾಡಲಿಲ್ಲ. ಕ್ಯಾಮೆರಾ ಬಲಗಡೆಯಷ್ಟೇ ನಿಲ್ಲುತ್ತಿತ್ತು. ಎಡಮಗ್ಗುಲು ತೋರಿಸಲೇಬೇಕಾಗಿ ಬಂದರೆ ನೌಕೆಯ ಮೇಲಿನ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಅಂಟಿಸಿ, ಚಿತ್ರೀಕರಿಸಿದ ಮೇಲೆ ಫಿಲ್ಮನ್ನೇ ಮಗುಚುತ್ತಿದ್ದರು. ಆ ಮಾದರಿ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಯು ಮತ್ತು ಅಂತರಿಕ್ಷ ವಸ್ತುಸಂಗ್ರಹಾಲಯದಲ್ಲಿದೆ.

ಬೆಂಗಳೂರಿನ ವಿಜಯನಗರದ ಪಿಜಿ ಕೋಣೆಯಲ್ಲೋ ಬಸವೇಶ್ವರನಗರದ ಮಹಡಿಮನೆಯಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತು ಇದೇ ನೌಕೆಯನ್ನು ಕಟ್ಟಹೊರಟವರಿಗೆ ಈ ಉಪಾಯ ನಡೆಯದು. ಡಿಜಿಟಲ್ ಮಾದರಿಯನ್ನು ಯಾರು ಬೇಕಾದರೂ ಯಾವ ಕಡೆಗಾದರೂ ತಿರುಗಿಸಿ ನೋಡುತ್ತಾರೆ. ಸಿನಿಮಾದವರು ಎಲ್ಲಿ ಕೈಬಿಟ್ಟರು, ಎಲ್ಲಿ ರಾಜಿ ಮಾಡಿಕೊಂಡರು ಎಂಬುದೆಲ್ಲ ಆಗ ಬಯಲಾಗುತ್ತದೆ. ಹಳೆಯ ಸಿನಿಮಾ ನೌಕೆಗಳನ್ನು, ಅದರಲ್ಲೂ ತೆರೆಗೆ ಬಾರದೆ ಹೋದ ಅವುಗಳ ಮೊದಲ ಕರಡುಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ಹವ್ಯಾಸದ ಸ್ವಾರಸ್ಯ ಇರುವುದೇ ಇಲ್ಲಿ.

ಕೆಲಸ ಶುರುವಾಗುವುದು ಒಂದು ಘನದಿಂದ. ಎಂಟು ಬಿಂದು, ಹನ್ನೆರಡು ಅಂಚು, ಆರು ಮುಖ. ಒಂದು ಮುಖವನ್ನು ಹಿಡಿದು ಹೊರಗೆಳೆದರೆ ಮೂತಿ, ಒಳಕ್ಕೆ ತಳ್ಳಿದರೆ ಎಂಜಿನ್ನಿನ ಬಾಯಿ. ಅರ್ಧ ಕಟ್ಟಿ ‘ಮಿರರ್’ ಎಂದರೆ ಉಳಿದರ್ಧ ತಾನಾಗಿ ಮೂಡುತ್ತದೆ. ಎಂಟರ್‌ಪ್ರೈಸ್‌ಗೆ ಎಡಮಗ್ಗುಲು ಸಿಗುವುದು ಹೀಗೆ. ಚೂಪು ಮೂಲೆಗಳನ್ನು ನುಣ್ಣಗೆ ಮಾಡಲು ಎಡ್ವಿನ್ ಕ್ಯಾಟ್‌ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಕೊಟ್ಟ ಸೂತ್ರವಿದೆ. ನಾಲ್ಕು ಅಂಚಿನ ಪ್ರತಿ ಮುಖವನ್ನೂ ಅದು ನಾಲ್ಕಾಗಿ ಸೀಳಿ, ಬಿಂದುಗಳನ್ನು ಅಕ್ಕಪಕ್ಕದವುಗಳ ಸರಾಸರಿಯತ್ತ ಸರಿಸುತ್ತದೆ. ಆರು ಮುಖ ಇಪ್ಪತ್ತನಾಲ್ಕಾಗುತ್ತದೆ, ಆಮೇಲೆ ತೊಂಬತ್ತಾರು, ಆಮೇಲೆ 384. ಅಷ್ಟರಲ್ಲಿ ಘನ ಹೋಗಿ ಹೆಚ್ಚುಕಡಿಮೆ ಗುಂಡಗಿನ ಉಂಡೆಯಾಗಿರುತ್ತದೆ. 1984ರ ‘ದಿ ಲಾಸ್ಟ್ ಸ್ಟಾರ್‌ಫೈಟರ್’ ಚಿತ್ರದ ನೌಕೆಗಳಿಗೆ ಕ್ರೇ ಸೂಪರ್‌ಕಂಪ್ಯೂಟರ್ ಬೇಕಾಗಿತ್ತು. 2002ರಲ್ಲಿ ಮುಕ್ತ ತಂತ್ರಾಂಶವಾದ ‘ಬ್ಲೆಂಡರ್’ ಇಂದು ಕಾಲೇಜು ಹುಡುಗರ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಅದೂ ಪುಕ್ಕಟೆಯಾಗಿ.

ತಂತ್ರ ಕಲಿಯುವುದು ಕಷ್ಟವಲ್ಲ, ಅಳತೆ ಹುಡುಕುವುದು ಕಷ್ಟ. ಮೊದಲ ಕರಡುಗಳು ಸಾಮಾನ್ಯವಾಗಿ ಕಲಾವಿದರ ಚಿತ್ರಗಳು. ಎಂಜಿನಿಯರ್ ಹಾಕುವ ಮುಂಬದಿ, ಮಗ್ಗುಲು, ಮೇಲ್ನೋಟಗಳು ಅವುಗಳಲ್ಲಿರುವುದಿಲ್ಲ. ಹಾಗಾಗಿ ಚಿತ್ರದಲ್ಲಿ ಸಮಾನಾಂತರವಾಗಿರಬೇಕಾದ ಗೆರೆಗಳನ್ನು ಉದ್ದಕ್ಕೆ ಎಳೆದು, ಅವು ಎಲ್ಲಿ ಕೂಡುತ್ತವೆಂದು ನೋಡಿ, ಕಲಾವಿದನ ಕಣ್ಣು ಎಲ್ಲಿತ್ತೆಂದು ಲೆಕ್ಕ ಹಾಕಬೇಕು. ಎಷ್ಟೋ ಸಲ ಎರಡು ಚಿತ್ರಗಳ ಅಳತೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ‘ಸ್ಟಾರ್ ಟ್ರೆಕ್’ನ ಪುಟ್ಟ ನೌಕೆ ಗೆಲಿಲಿಯೋವನ್ನೇ ನೋಡಿ: ಹೊರಗಿನ ಮಾದರಿಯ ಉದ್ದ ಸುಮಾರು 22 ಅಡಿ, ಎತ್ತರ ಕಮ್ಮಿ. ಒಳಾಂಗಣದ ಸೆಟ್ಟಿನಲ್ಲಿ ಮಾತ್ರ ನಟರು ತಲೆಯೆತ್ತಿ ಓಡಾಡುತ್ತಾರೆ. ಎರಡನ್ನೂ ಒಂದೇ ಫೈಲಿನಲ್ಲಿ ಕೂರಿಸಹೋದರೆ ಒಳಗಿನದು ಹೊರಗಿನದನ್ನು ತೂರಿಕೊಂಡು ಬರುತ್ತದೆ.

ಕರಡು ಬದಲಾಗಲು ಕಾರಣಗಳೂ ವಿಚಿತ್ರ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಮಿಲೇನಿಯಂ ಫಾಲ್ಕನ್ ಮೊದಲು ಉದ್ದನೆಯ ನೌಕೆಯಾಗಿತ್ತು. ‘ಸ್ಪೇಸ್: 1999’ ಎಂಬ ಟಿವಿ ಸರಣಿಯ ಈಗಲ್ ನೌಕೆಯನ್ನು ಅದು ಹೋಲುತ್ತದೆಂದು ಕೈಬಿಟ್ಟು, ಈಗ ಎಲ್ಲರೂ ಬಲ್ಲ ತಟ್ಟೆಯಾಕಾರಕ್ಕೆ ಬಂದರು. ಹಳೆಯ ಮಾದರಿಯ ಮೂತಿ ಬದಲಿಸಿ, ಚಿತ್ರದ ಮೊದಲ ದೃಶ್ಯದಲ್ಲಿ ಓಡಿ ತಪ್ಪಿಸಿಕೊಳ್ಳಲು ಹೆಣಗುವ ನೌಕೆಯಾಗಿಸಿದರು. ಈ ನೌಕೆಗಳ ಮೈಮೇಲಿನ ಕೊಳವೆ, ಪೆಟ್ಟಿಗೆಗಳೆಲ್ಲ ಅಂಗಡಿಯಲ್ಲಿ ಸಿಗುವ ಟ್ಯಾಂಕು, ಯುದ್ಧವಿಮಾನಗಳ ಪ್ಲಾಸ್ಟಿಕ್ ಕಿಟ್‌ಗಳಿಂದ ಕಿತ್ತವು. ಅವುಗಳಿಗೆ ಕೆಲಸವೇನೂ ಇಲ್ಲ. ನೌಕೆ ದೊಡ್ಡದೆಂದು ಕಣ್ಣನ್ನು ನಂಬಿಸುವುದಷ್ಟೇ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಡಿಸ್ಕವರಿ ನೌಕೆಯದು ಇದಕ್ಕಿಂತ ಸೋಜಿಗದ ಕಥೆ. ಅದರ ಕರಡುಗಳಲ್ಲಿ ಎಂಜಿನ್ನಿನ ಶಾಖ ಹೊರಹಾಕುವ ಅಗಲ ಫಲಕಗಳಿದ್ದವು. ವಿಜ್ಞಾನದ ಪ್ರಕಾರ ಅವು ಇರಲೇಬೇಕು. ಆದರೆ ಗಾಳಿಯಿಲ್ಲದ ಜಾಗದಲ್ಲಿ ರೆಕ್ಕೆ ಯಾಕೆಂದು ಪ್ರೇಕ್ಷಕರು ಕೇಳಿಯಾರೆಂದು ತೆಗೆದುಹಾಕಿದರು. ಸರಿಯಾದದ್ದು ತಪ್ಪಾಗಿ ಕಂಡೀತೆಂಬ ಭಯಕ್ಕೆ ತಪ್ಪೇ ಗೆದ್ದಿತು.

ನಿಜವಾದ ನೌಕೆಯ ಆಕಾರವನ್ನು ಯಾರು ತೀರ್ಮಾನಿಸುತ್ತಾರೆ? ಉತ್ತರಕ್ಕೆ ರಾಜಾಜಿನಗರದಿಂದ ದೂರ ಹೋಗಬೇಕಿಲ್ಲ. ತುಮಕೂರು ರಸ್ತೆಯ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ತಂಡ ದೇಶದ ಮೊದಲ ಉಪಗ್ರಹವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟೊಂದು ಅದನ್ನು ಕಕ್ಷೆಗೆ ಸೇರಿಸಿತು. 360 ಕಿಲೋ ತೂಗುತ್ತಿದ್ದ ಆ ‘ಆರ್ಯಭಟ’ ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲೂ ಇತ್ತು. ಅದಕ್ಕೆ 26 ಮುಖಗಳು. ನೆತ್ತಿ ಮತ್ತು ತಳ ಬಿಟ್ಟು ಉಳಿದವಕ್ಕೆಲ್ಲ ಸೌರಕೋಶದ ಹೊದಿಕೆ.

ಇಪ್ಪತ್ತಾರೇ ಯಾಕೆ ಎನ್ನುವ ಕುತೂಹಲಕ್ಕೆ ಮಾದರಿ ಕಟ್ಟಿ ನೋಡಿದವರಿಗೆ ಸುಳಿವು ಸಿಗುತ್ತದೆ. ತನ್ನ ಸುತ್ತ ತಾನೇ ಗಿರಗಿರನೆ ತಿರುಗಿ ಸ್ಥಿರವಾಗಿರುವ ಉಪಗ್ರಹಕ್ಕೆ ಯಾವಾಗಲೂ ಒಂದಷ್ಟು ಕೋಶಗಳ ಮೇಲೆ ಬಿಸಿಲು ಬೀಳುತ್ತಿರಬೇಕು. ಅದಕ್ಕೆ ಗೋಳವೇ ಸರಿ. ಆದರೆ ಸೌರಕೋಶ ಗಟ್ಟಿಯಾದ ಚಪ್ಪಟೆ ಬಿಲ್ಲೆ, ಬಾಗಿಸಿದರೆ ಮುರಿಯುತ್ತದೆ. ಆದ್ದರಿಂದ ಚಪ್ಪಟೆ ಮುಖಗಳಿಂದಲೇ ಗೋಳದ ಹತ್ತಿರಕ್ಕೆ ಬರಬೇಕು. ಕಂಪ್ಯೂಟರಿನ ಗೋಳವೂ ಇದೇ ಅಲ್ಲವೇ? ಬ್ಲೆಂಡರ್ ತಾನಾಗಿ ಕೊಡುವ ಗೋಳಕ್ಕೆ 512 ಚಪ್ಪಟೆ ಮುಖಗಳಿರುತ್ತವೆ. ಅಲ್ಲಿ ಮುಖಗಳ ಸಂಖ್ಯೆಗೆ ಮಿತಿ ಹಾಕುವುದು ಲ್ಯಾಪ್‌ಟಾಪಿನ ಶಕ್ತಿ. ಪೀಣ್ಯದಲ್ಲಿ ಮಿತಿ ಹಾಕಿದ್ದು ಲೋಹ, ತೂಕ ಮತ್ತು ಬಿಸಿಲು.

ಆದರೂ ಒಂದು ವ್ಯತ್ಯಾಸವಿದೆ. ಪರದೆಯ ಮೇಲಿನ ನೌಕೆಯನ್ನು ಕಾಮಾಕ್ಷಿಪಾಳ್ಯದ ಯಾವುದಾದರೂ ಟೂಲ್‌ರೂಮಿಗೆ ಒಯ್ದು ‘ಇದನ್ನು ಮಾಡಿಕೊಡಿ’ ಎಂದರೆ ಅಲ್ಲಿಂದ ಬರುವ ಮೊದಲ ಪ್ರಶ್ನೆ, ‘ಥಿಕ್‌ನೆಸ್ ಎಷ್ಟು ಸಾರ್?’ ಬ್ಲೆಂಡರಿನಲ್ಲಿ ಕಟ್ಟಿದ ಮಾದರಿ ಬರೀ ತೊಗಲು, ಅದರ ಮುಖಗಳಿಗೆ ದಪ್ಪವೇ ಇಲ್ಲ. ಟೂಲ್‌ರೂಮಿನ ಕ್ಯಾಡ್ ತಂತ್ರಾಂಶದಲ್ಲಿ ಪ್ರತಿ ಭಾಗವೂ ಘನವಸ್ತು. ಅದಕ್ಕೆ ದಪ್ಪವಿದೆ, ತೂಕವಿದೆ, ಎಷ್ಟು ಮೈಕ್ರಾನ್ ಹೆಚ್ಚುಕಮ್ಮಿ ನಡೆದೀತೆಂಬ ಟಾಲರೆನ್ಸ್ ಇದೆ. ತ್ರೀಡಿ ಪ್ರಿಂಟಿಗೆ ಕೊಡುವುದಾದರೂ ಮಾದರಿಯ ಮೈಯಲ್ಲಿ ಎಲ್ಲೂ ಬಿರುಕು ಉಳಿಯದಂತೆ ಹೊಲಿದು, ಗೋಡೆಗಳಿಗೆ ದಪ್ಪ ತುಂಬಿಸಬೇಕು. ಸಿನಿಮಾ ಕರಡನ್ನು ಹೀಗೆ ಘನವಾಗಿಸಹೊರಟಾಗಲೇ ಇಂಧನದ ತೊಟ್ಟಿ ಎಲ್ಲಿ, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬ ಪ್ರಶ್ನೆಗಳು ಏಳುವುದು.

ಇಂಥ ಪ್ರಶ್ನೆಗಳಲ್ಲಿ ಒಂದನ್ನು ಪಿಯುಸಿ ಭೌತಶಾಸ್ತ್ರದಿಂದಲೇ ಬಿಡಿಸಬಹುದು. ಡಿಸ್ಕವರಿಗೆ ಆ ಫಲಕಗಳನ್ನು ಮರಳಿ ಜೋಡಿಸುವುದಾದರೆ ಎಷ್ಟು ಅಗಲ ಬೇಕು? ನಿರ್ವಾತದಲ್ಲಿ ಶಾಖ ಹೊರಹೋಗಲು ವಿಕಿರಣವೊಂದೇ ದಾರಿ. ಸ್ಟೀಫನ್–ಬೋಲ್ಟ್ಸ್‌ಮನ್ ನಿಯಮದ ಪ್ರಕಾರ 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಚದರ ಮೀಟರ್ ಮೇಲ್ಮೈ ಹೆಚ್ಚೆಂದರೆ ಸುಮಾರು 460 ವಾಟ್ ಬಿಡುತ್ತದೆ. ಅದನ್ನೇ 327 ಡಿಗ್ರಿಗೆ ಕಾಯಿಸಿದರೆ ಕೆಲ್ವಿನ್ ಲೆಕ್ಕದಲ್ಲಿ ಉಷ್ಣತೆ ಇಮ್ಮಡಿ, ವಿಕಿರಣ ಹದಿನಾರು ಪಟ್ಟು: ಸುಮಾರು 7,350 ವಾಟ್. ನೌಕೆಯ ಪರಮಾಣು ಎಂಜಿನ್ 10 ಮೆಗಾವಾಟ್ ಶಾಖವನ್ನು ಹೊರಹಾಕಬೇಕೆಂದು ಇಟ್ಟುಕೊಳ್ಳಿ. ಆಗ ಬೇಕಾಗುವ ಮೇಲ್ಮೈ ಸುಮಾರು 1,360 ಚದರ ಮೀಟರ್. ರಾಜಾಜಿನಗರದ ಲೆಕ್ಕದಲ್ಲಿ ಹೇಳುವುದಾದರೆ ಥರ್ಟಿ-ಫಾರ್ಟಿ ಸೈಟುಗಳು ಹನ್ನೆರಡು. ಫಲಕದ ಎರಡೂ ಬದಿ ಶಾಖ ಬಿಡುವುದರಿಂದ ಆರು ಸೈಟಿನಷ್ಟು ಫಲಕ ಸಾಕು. ಅಷ್ಟನ್ನು ನೌಕೆಯ ಅಂದಗೆಡದಂತೆ, ನೋಡಿದವರಿಗೆ ರೆಕ್ಕೆಯೆಂದು ಅನಿಸದಂತೆ ಎಲ್ಲಿ ಕೂರಿಸುತ್ತೀರಿ? ಆ ಸಿನಿಮಾದವರು ಪ್ರೇಕ್ಷಕರಿಗೆ ಹೆದರಿ ಕೈಬಿಟ್ಟ ಲೆಕ್ಕ ಇದು. ಲ್ಯಾಪ್‌ಟಾಪ್ ಇದ್ದವರು ಇವತ್ತು ರಾತ್ರಿಯೇ ಕೈಹಾಕಬಹುದು.